ಗ್ರಹಚಾರ: ಲೋಣಾವಳಾದ ಆಕಾಶದಲ್ಲಿ ಗ್ರಹಗಳ ತೋರಿಕೆಯ ಚಲನೆ

ಭೂಮಿಯ ಮೇಲೆ ನಿಂತು ನೋಡುವವರ ಕಣ್ಣಿಗೆ ಬುಧ, ಶುಕ್ರ, ಮಂಗಳ, ಗುರು, ಶನಿ ಗ್ರಹಗಳು ನಕ್ಷತ್ರಗಳ ನಡುವೆ ದಿನದಿಂದ ದಿನಕ್ಕೆ ಜಾಗ ಬದಲಿಸುವ ಬಗೆಗೆ ಗ್ರಹಗಳ ತೋರಿಕೆಯ ಚಲನೆ ಎಂದು ಹೆಸರು. ಬಹುಕಾಲ ಅವು ಪಡುವಣದಿಂದ ಮೂಡಣಕ್ಕೆ ನಡೆಯುತ್ತವೆ. ನಡುವೆ ಒಮ್ಮೊಮ್ಮೆ ನಿಧಾನವಾಗಿ, ನಿಂತು, ಕೆಲವು ವಾರ ಇಲ್ಲವೆ ಕೆಲವು ತಿಂಗಳು ಹಿಂದಕ್ಕೆ ಸರಿದು, ಮತ್ತೆ ನಿಂತು, ಮೊದಲಿನ ದಿಕ್ಕು ಹಿಡಿಯುತ್ತವೆ. ಯಾವ ಗ್ರಹವೂ ತನ್ನ ಕಕ್ಷೆಯಲ್ಲಿ ಹಿಂದಕ್ಕೆ ಹೋಗುವುದಿಲ್ಲ. ನಾವು ನಿಂತ ನೆಲವೂ ಸೂರ್ಯನನ್ನು ಸುತ್ತುತ್ತಿದೆ. ಅದರ ನಡಿಗೆ, ಗ್ರಹದ ನಡಿಗೆ ಎರಡೂ ಬೆರೆತು ಕಣ್ಣಿಗೆ ಹಾಗೆ ಕಾಣುತ್ತದೆ.

ಇದಕ್ಕೆ ನಮ್ಮಲ್ಲಿರುವ ಹಳೆಯ ಹೆಸರು ಗ್ರಹಚಾರ. ಇಂದು ಆ ಪದ ಕೇಳಿದರೆ ಆಕಾಶ ನೆನಪಾಗುವುದಿಲ್ಲ. ಕೆಟ್ಟುಹೋದ ಕೆಲಸ, ತಪ್ಪಿದ ಮದುವೆ, ಕೈಕೊಟ್ಟ ಬೆಳೆ ನೆನಪಾಗುತ್ತವೆ. ಆದರೆ ಚಾರ ಎಂದರೆ ನಡಿಗೆ, ಅಷ್ಟೇ. 6ನೆಯ ಶತಮಾನದ ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ಆದಿತ್ಯಚಾರ, ಭೌಮಚಾರ, ಬುಧಚಾರ, ಬೃಹಸ್ಪತಿಚಾರ, ಶುಕ್ರಚಾರ, ಶನೈಶ್ಚರಚಾರ ಎಂದು ಒಂದೊಂದು ಗ್ರಹದ ನಡಿಗೆಗೂ ಒಂದೊಂದು ಅಧ್ಯಾಯವಿದೆ. ಶನೈಶ್ಚರ ಎಂಬ ಹೆಸರೇ ಒಂದು ವೀಕ್ಷಣೆಯ ಫಲ: ಮೆಲ್ಲಗೆ ನಡೆಯುವವನು. ನಾವು ಹೆದರಿ ಎಣ್ಣೆದೀಪ ಹಚ್ಚುವ ಗ್ರಹಕ್ಕೆ ಹೆಸರಿಟ್ಟವರು ಅದನ್ನು ಇರುಳಿರುಳೂ ಕಾದು ನೋಡಿದವರು. ಈ ಲೇಖನದಲ್ಲಿ ಗ್ರಹಚಾರವೆಂದರೆ ಆ ನಡಿಗೆಯೇ.

ನೋಡುವ ನೆಲೆಯನ್ನು ಹೇಳದೆ ತೋರಿಕೆಯ ಚಲನೆಯನ್ನು ವಿವರಿಸುವುದು ಅರ್ಧ ವಿವರಣೆ. ಇಲ್ಲಿ ಆರಿಸಿಕೊಂಡ ನೆಲೆ ಪುಣೆ ಜಿಲ್ಲೆಯ ಮಾವಳ ತಾಲ್ಲೂಕಿನ ಲೋಣಾವಳಾ. ಉತ್ತರ ಅಕ್ಷಾಂಶ 18.75 ಡಿಗ್ರಿ, ಪೂರ್ವ ರೇಖಾಂಶ 73.4 ಡಿಗ್ರಿ, ಸಮುದ್ರಮಟ್ಟದಿಂದ ಸುಮಾರು 620 ಮೀಟರ್ ಎತ್ತರ. ಊರಿನ ಪಡುವಣ ಅಂಚಿನಲ್ಲಿ ಸಹ್ಯಾದ್ರಿ ಕಡಿದಾಗಿ ಕೊಂಕಣಕ್ಕೆ ಇಳಿಯುತ್ತದೆ. ಮೂಡಣಕ್ಕೆ ಲೋಹಗಡ, ವಿಸಾಪುರ ಕೋಟೆಗಳ ಚಪ್ಪಟೆ ನೆತ್ತಿಗಳು. ಕನ್ನಡ ನೆಲಕ್ಕೂ ಈ ಊರಿಗೂ ನಂಟಿಲ್ಲದೆ ಇಲ್ಲ. ಲೋಣಾವಳಾದ ಹತ್ತಿರ ಕುರವಂಡೆಯಲ್ಲಿ ಹುಟ್ಟುವ ಇಂದ್ರಾಯಣಿ ಭೀಮೆಯನ್ನು ಸೇರುತ್ತದೆ. ಆ ಭೀಮೆ ಕಲಬುರಗಿ ಸೀಮೆಯನ್ನು ಹಾದು ರಾಯಚೂರಿನ ಬಳಿ ಕೃಷ್ಣೆಗೆ ಕೂಡುತ್ತದೆ. ಹತ್ತಿರದ ಕಾರ್ಲಾ ಗುಹೆಯ ಮಹಾಚೈತ್ಯವನ್ನು ಮಾಡಿಸಿದವನು ವೈಜಯಂತಿಯ ಶ್ರೇಷ್ಠಿ ಭೂತಪಾಲ ಎಂದು ಅಲ್ಲಿನ ಬ್ರಾಹ್ಮೀ ಶಾಸನ ಹೇಳುತ್ತದೆ. ಆ ವೈಜಯಂತಿ ನಮ್ಮ ಬನವಾಸಿಯೇ ಎಂದು ವಿದ್ವಾಂಸರು ಗುರುತಿಸಿದ್ದಾರೆ. ಅಲ್ಲಿಂದ ಆಚೆ ಭಾಜಾ ಗುಹೆಗಳ ಒಂದು ವಿಹಾರದಲ್ಲಿ ರಥವೇರಿ ಹೊರಟ ಮೂರ್ತಿಯೊಂದಿದೆ. ಅದನ್ನು ಸೂರ್ಯನೆಂದೇ ಬಹುತೇಕರು ತಿಳಿಯುತ್ತಾರೆ.

ಇರುಳಿನ ಓಟ, ವರ್ಷದ ನಡಿಗೆ

ಹೊಸದಾಗಿ ಆಕಾಶ ನೋಡುವವರು ಮೊದಲು ಎಡವುವುದು ಇಲ್ಲಿ. ಸಂಜೆ ಮೂಡಣದಲ್ಲಿದ್ದ ಗುರು ನಡುರಾತ್ರಿ ನೆತ್ತಿಗೆ ಬಂದು ಬೆಳಗಿನ ಜಾವ ಪಡುವಣಕ್ಕೆ ಇಳಿಯುವುದು ಗ್ರಹದ ಚಲನೆಯಲ್ಲ. ಭೂಮಿ ತನ್ನ ಅಕ್ಷದ ಮೇಲೆ ತಿರುಗುವುದರಿಂದ ಇಡೀ ಆಕಾಶ ಗಂಟೆಗೆ 15 ಡಿಗ್ರಿಯಂತೆ ಸರಿಯುತ್ತದೆ, ಗ್ರಹವೂ ಅದರೊಡನೆ ಸರಿಯುತ್ತದೆ. ಎರಡನೆಯದು ನಕ್ಷತ್ರಗಳು ದಿನಕ್ಕೆ ಸುಮಾರು 4 ನಿಮಿಷ ಮುಂಚಿತವಾಗಿ, ತಿಂಗಳಿಗೆ ಎರಡು ಗಂಟೆ ಮುಂಚಿತವಾಗಿ ಹುಟ್ಟುವುದು. ಇದು ಭೂಮಿ ಸೂರ್ಯನನ್ನು ಸುತ್ತುವುದರ ಗುರುತು. ಮೃಗಶಿರ, ಆರಿದ್ರ ಎಂದು ಮಳೆಗಳನ್ನು ಹೆಸರಿಸುವ ರೈತರು ಲೆಕ್ಕ ಹಿಡಿಯುವುದು ಸೂರ್ಯನ ಇದೇ ವರ್ಷದ ನಡಿಗೆಯನ್ನು. ಈ ಎರಡನ್ನೂ ಕಳೆದ ಮೇಲೆ ಉಳಿಯುವುದು ಗ್ರಹಚಾರ. ಅದನ್ನು ಒಂದೇ ರಾತ್ರಿ ಕುಳಿತು ಕಾಣಲಾಗದು. ಹತ್ತಿರದ ಎರಡು ನಕ್ಷತ್ರಗಳನ್ನು ಗುರುತಿಟ್ಟುಕೊಂಡು ವಾರದ ಮೇಲೆ ಮತ್ತೆ ಬಂದು ನೋಡಬೇಕು.

ಸೂರ್ಯ ನಕ್ಷತ್ರಗಳ ನಡುವೆ ವರ್ಷವಿಡೀ ನಡೆಯುವ ದಾರಿಗೆ ಕ್ರಾಂತಿವೃತ್ತ ಎಂದು ಹೆಸರು. ಗ್ರಹಗಳ ಕಕ್ಷೆಗಳೆಲ್ಲ ಹೆಚ್ಚುಕಡಿಮೆ ಒಂದೇ ತಟ್ಟೆಯಲ್ಲಿರುವುದರಿಂದ ಅವೂ ಈ ದಾರಿಯನ್ನು ಬಿಟ್ಟು ದೂರ ಹೋಗುವುದಿಲ್ಲ. ಭೂಕಕ್ಷೆಗೆ ಬುಧನ ಕಕ್ಷೆಯ ಓರೆ 7 ಡಿಗ್ರಿ, ಶುಕ್ರನದು 3.4, ಶನಿಯದು 2.5, ಮಂಗಳನದು 1.85, ಗುರುವಿನದು 1.3. ಸಪ್ತರ್ಷಿಮಂಡಲದಲ್ಲಾಗಲಿ ತ್ರಿಶಂಕುವಿನಲ್ಲಾಗಲಿ ಗ್ರಹ ಕಾಣುವುದಿಲ್ಲ.

ಲೋಣಾವಳಾ ಕರ್ಕಾಟಕ ಸಂಕ್ರಾಂತಿವೃತ್ತದಿಂದ ದಕ್ಷಿಣಕ್ಕಿರುವ ಊರಾದ್ದರಿಂದ ಅಲ್ಲಿ ಈ ದಾರಿ ನೆತ್ತಿಯ ಹತ್ತಿರವೇ ಹಾಯುತ್ತದೆ. ಮೇ ಮಧ್ಯದಲ್ಲಿ ಒಮ್ಮೆ, ಜುಲೈ ಕೊನೆಗೆ ಇನ್ನೊಮ್ಮೆ ನಡುಹಗಲ ಸೂರ್ಯ ನೇರ ತಲೆಯ ಮೇಲೆ ಬಂದು ನೆರಳು ಕಾಲಡಿಗೆ ಸೇರುತ್ತದೆ. ಕ್ರಾಂತಿವೃತ್ತ ದಿಗಂತದೊಡನೆ ಮಾಡುವ ಕೋನ ಇಲ್ಲಿ ಯಾವ ಹೊತ್ತಿನಲ್ಲೂ 48 ಡಿಗ್ರಿಗಿಂತ ಕೆಳಗಿಳಿಯುವುದಿಲ್ಲ. ಲಂಡನ್ನಿನಲ್ಲಿ ಅದು 15 ಡಿಗ್ರಿಯಷ್ಟಕ್ಕೆ ಇಳಿದು ಗ್ರಹಗಳು ಮನೆಗಳ ಮಾಡಿನ ಮಟ್ಟದಲ್ಲೇ ತೆವಳುತ್ತವೆ. ನಮ್ಮ ಕಡೆಯವರಿಗೆ ಇದೊಂದು ದೊಡ್ಡ ಭಾಗ್ಯ.

ಗಡಿಯಾರದ ವಿಷಯವನ್ನೂ ಇಲ್ಲೇ ಹೇಳಬೇಕು. ಭಾರತದ ಗಡಿಯಾರ 82.5 ಡಿಗ್ರಿ ರೇಖಾಂಶದ್ದು. ಲೋಣಾವಳಾ ಅದಕ್ಕಿಂತ 9 ಡಿಗ್ರಿ ಪಡುವಣಕ್ಕಿದೆ, ಅಂದರೆ ಸ್ಥಳೀಯ ಹೊತ್ತು ಸುಮಾರು 36 ನಿಮಿಷ ಹಿಂದೆ. ಸೂರ್ಯನಿಗೆ ಎದುರಾಗಿರುವ ಗ್ರಹ ನಡುರಾತ್ರಿ ನಡುಬಾನಿನಲ್ಲಿರುತ್ತದೆ ಎಂದು ಪುಸ್ತಕ ಹೇಳಿದರೆ, ಇಲ್ಲಿ ಅದನ್ನು ಹನ್ನೆರಡೂವರೆಯ ಆಸುಪಾಸು ಎಂದು ಓದಿಕೊಳ್ಳಬೇಕು.

ವಕ್ರಗತಿ

ಮುಂದಕ್ಕೆ ಹೋಗುವ ಗ್ರಹವನ್ನು ಪಂಚಾಂಗದವರು ಮಾರ್ಗಿ ಎನ್ನುತ್ತಾರೆ, ಹಿಂದಕ್ಕೆ ಸರಿಯುವುದನ್ನು ವಕ್ರಿ ಎನ್ನುತ್ತಾರೆ, ತಿರುಗುವ ಮುನ್ನ ನಿಲ್ಲುವುದನ್ನು ಸ್ತಂಭನ ಎನ್ನುತ್ತಾರೆ. ಸೂರ್ಯಸಿದ್ಧಾಂತವೆಂಬ ಹಳೆಯ ಗ್ರಹಗಣಿತದ ಗ್ರಂಥ ಗತಿಯನ್ನು ವಕ್ರ, ಮಂದ, ಸಮ, ಶೀಘ್ರ ಮೊದಲಾಗಿ ಎಂಟು ಬಗೆಯಾಗಿ ವಿಂಗಡಿಸಿದೆ.

ಮುಂಬಯಿ–ಪುಣೆ ಎಕ್ಸ್‌ಪ್ರೆಸ್‌ವೇಯಲ್ಲಿ ಕಾರಿನಲ್ಲಿ ಹೋಗಿದ್ದವರಿಗೆ ಇದರ ಕಾರಣ ಕಣ್ಣಿಗೇ ಕಂಡಿರುತ್ತದೆ. ಪಕ್ಕದ ಸಾಲಿನಲ್ಲಿ ಲಾರಿಯೊಂದು ನಮ್ಮ ದಿಕ್ಕಿಗೇ ನಿಧಾನ ಸಾಗಿದೆ. ದೂರದಿಂದ ನೋಡುವಾಗ ಅದು ಬೆಟ್ಟಗಳ ಹಿನ್ನೆಲೆಯಲ್ಲಿ ಮುಂದಕ್ಕೇ ಹೋಗುತ್ತಿದೆ. ನಮ್ಮ ಕಾರು ಅದರ ಹತ್ತಿರ ಬಂದು ದಾಟುವ ಹೊತ್ತಿಗೆ ಆ ಲಾರಿ ಲೋಹಗಡದ ಗುಡ್ಡದ ಎದುರು ಹಿಂದಕ್ಕೆ ಜಾರಿದಂತೆ ಕಾಣುತ್ತದೆ. ಲಾರಿ ಹಿಂದಕ್ಕೆ ಹೋಗಲಿಲ್ಲ, ನಾವು ಅದನ್ನು ಹಿಂದೆ ಹಾಕಿದೆವು. ಭೂಮಿ ಸೆಕೆಂಡಿಗೆ 29.8 ಕಿ.ಮೀ. ವೇಗದಲ್ಲಿ ಸುತ್ತುತ್ತದೆ, ಮಂಗಳ 24.1, ಗುರು 13.1, ಶನಿ 9.7. ಸೂರ್ಯನಿಂದ ದೂರವಿದ್ದಷ್ಟೂ ಗ್ರಹ ನಿಧಾನ. ಒಳಸುತ್ತಿನ ಭೂಮಿ ಹೊರಸುತ್ತಿನ ಗ್ರಹವನ್ನು ದಾಟುವಾಗಲೆಲ್ಲ ಆ ಗ್ರಹ ವಕ್ರಿಯಾಗುತ್ತದೆ. ದಾಟುವ ಆ ಗಳಿಗೆಯಲ್ಲಿ ಗ್ರಹ, ಭೂಮಿ, ಸೂರ್ಯ ಒಂದೇ ಗೆರೆಯಲ್ಲಿರುತ್ತವೆ. ಅದಕ್ಕೆ ವಿಯುತಿ ಎಂದು ಹೆಸರು. ಆದ್ದರಿಂದ ಮಂಗಳ, ಗುರು, ಶನಿ ವಕ್ರಗತಿಯ ನಡುವೆ ಇರುವಾಗ ಭೂಮಿಗೆ ಅತಿ ಹತ್ತಿರವಿದ್ದು, ಅತಿ ಪ್ರಕಾಶವಾಗಿ, ಸಂಜೆ ಹುಟ್ಟಿ ಬೆಳಗಿಗೆ ಮುಳುಗುತ್ತವೆ. ವಕ್ರವೆಂದರೆ ಕೆಡುಕು ಎಂದು ನಂಬಿದವರಿಗೆ ನಾನು ಹೇಳಬಯಸುವುದು ಇದು: ನೋಡುವವರಿಗೆ ಗ್ರಹ ತನ್ನನ್ನು ಪೂರ್ತಿ ತೋರಿಸಿಕೊಳ್ಳುವ ಕಾಲ ಅದೇ.

ಎಷ್ಟು ದಿನಕ್ಕೊಮ್ಮೆ ಹೀಗಾಗುತ್ತದೆ ಎಂಬುದನ್ನು ಶಾಲೆಯ ಗಣಿತದಿಂದಲೇ ತೆಗೆಯಬಹುದು. ಭೂಮಿ ದಿನಕ್ಕೆ 0.986 ಡಿಗ್ರಿ ಸುತ್ತುತ್ತದೆ, ಮಂಗಳ 0.524. ಭೂಮಿ ದಿನಕ್ಕೆ ಗಳಿಸುವ ಮುನ್ನಡೆ 0.462 ಡಿಗ್ರಿ. ಒಂದು ಪೂರ್ತಿ ಸುತ್ತಿನಷ್ಟು, ಅಂದರೆ 360 ಡಿಗ್ರಿ ಮುನ್ನಡೆ ಗಳಿಸಿ ಮತ್ತೆ ಮಂಗಳನನ್ನು ಹಿಡಿಯಲು ಬೇಕಾದದ್ದು 780 ದಿನ. ಗುರು ನಿಧಾನವಾದ್ದರಿಂದ ಭೂಮಿ ಅದನ್ನು 399 ದಿನಕ್ಕೇ ಹಿಡಿಯುತ್ತದೆ, ಶನಿಯನ್ನು 378 ದಿನಕ್ಕೆ. ಅದಕ್ಕಾಗಿ ಗುರು, ಶನಿ ಪ್ರತಿವರ್ಷ ವಕ್ರಿಯಾಗುತ್ತವೆ. ಮಂಗಳ ಮಾತ್ರ ಎರಡು ವರ್ಷ ಎರಡು ತಿಂಗಳು ಕಾಯಿಸುತ್ತದೆ. ವಕ್ರದ ಅವಧಿ ಮಂಗಳನಿಗೆ ಎರಡರಿಂದ ಎರಡೂವರೆ ತಿಂಗಳು, ಗುರುವಿಗೆ ನಾಲ್ಕು ತಿಂಗಳು, ಶನಿಗೆ ನಾಲ್ಕೂವರೆ ತಿಂಗಳು. ಹಿಂದೆ ಸರಿಯುವ ದೂರದಲ್ಲಿ ಮಾತ್ರ ಸಾಲು ತಿರುಗುಮುರುಗು: ಶನಿ 7 ಡಿಗ್ರಿ, ಗುರು 10 ಡಿಗ್ರಿ, ಮಂಗಳ 10ರಿಂದ 20 ಡಿಗ್ರಿ.

2024–25ರ ಚಳಿಗಾಲದಲ್ಲಿ ಮಂಗಳ ಹಾಕಿದ ಕುಣಿಕೆ ಇದಕ್ಕೆ ಒಳ್ಳೆಯ ಉದಾಹರಣೆ. 2024ರ ಡಿಸೆಂಬರ್ 7ರ ಸುಮಾರಿಗೆ ಅದು ಪುಷ್ಯದ ಮಸುಕು ನಕ್ಷತ್ರಗುಚ್ಛದ ಹತ್ತಿರ ನಿಂತಿತು. ಅಲ್ಲಿಂದ ಹಿಂದಕ್ಕೆ ತಿರುಗಿ, 2025ರ ಜನವರಿ 16ರಂದು ಸೂರ್ಯನಿಗೆ ಎದುರಾಗಿ, ಅದೇ ತಿಂಗಳು ಪುನರ್ವಸುವಿನ ಜೋಡಿ ನಕ್ಷತ್ರಗಳ ಪಕ್ಕದಲ್ಲೇ ಹಾದುಹೋಯಿತು. ವಿಯುತಿಯ ದಿನಗಳಲ್ಲಿ ಅದರ ಹಿಂಜರಿತ ದಿನಕ್ಕೆ ಸುಮಾರು 0.4 ಡಿಗ್ರಿ, ಹುಣ್ಣಿಮೆಯ ಚಂದ್ರಬಿಂಬಕ್ಕಿಂತ ತುಸು ಕಡಿಮೆ. ಎರಡು ರಾತ್ರಿ ಬಿಟ್ಟು ನೋಡಿದರೂ ಗೊತ್ತಾಗುವಷ್ಟು. ಫೆಬ್ರವರಿ 24ರ ಸುಮಾರಿಗೆ ಮಿಥುನದಲ್ಲಿ ಮತ್ತೆ ನಿಂತು ಮಾರ್ಗಿಯಾಗಿ, ಮೇ ಮೊದಲ ವಾರ ಪುಷ್ಯದ ಬಳಿಗೇ ಮರಳಿತು. ಐದು ತಿಂಗಳು ನಡೆದು ಹೊರಟಲ್ಲಿಗೇ ಬಂದು ಸೇರಿತು. ಹಿಂದೆ ಸರಿದ ದೂರ ಒಟ್ಟು 19 ಡಿಗ್ರಿ, ಹಿಡಿದ ಕಾಲ 79 ದಿನ. ಮಿಥುನ ಉತ್ತರದ ರಾಶಿಯಾದ್ದರಿಂದ ಆ ಜನವರಿಯಲ್ಲಿ ಲೋಣಾವಳಾದವರು ಮಂಗಳನನ್ನು ನೋಡಲು ಕತ್ತು ಪೂರ್ತಿ ಎತ್ತಬೇಕಿತ್ತು; ಅದು ನೆತ್ತಿಯಿಂದ ಉತ್ತರಕ್ಕೆ 6 ಡಿಗ್ರಿಯಷ್ಟೇ ಆಚೆ ಹಾಯುತ್ತಿತ್ತು.

ಕುಣಿಕೆ ಪ್ರತಿಬಾರಿ ಒಂದೇ ಆಕಾರದಲ್ಲಿರುವುದಿಲ್ಲ. ಗ್ರಹದ ಕಕ್ಷೆ ಭೂಕಕ್ಷೆಗೆ ತುಸು ಓರೆಯಾಗಿರುವುದರಿಂದ ಹೋಗುವ ದಾರಿ ಮತ್ತು ಮರಳುವ ದಾರಿ ಒಂದರ ಮೇಲೊಂದು ಬೀಳುವುದಿಲ್ಲ. ಒಮ್ಮೆ ಹಗ್ಗದ ಕುಣಿಕೆಯಂತೆ ಮುಚ್ಚಿಕೊಳ್ಳುತ್ತದೆ, ಇನ್ನೊಮ್ಮೆ ಹಾವು ಹರಿದಂತೆ ಬಿಚ್ಚಿಕೊಂಡೇ ಇರುತ್ತದೆ.

ಮಳೆಗಾಲ ಮುಚ್ಚಿಡುವ ಮಂಗಳ

ಮಂಗಳನ ಕಕ್ಷೆ ಸಾಕಷ್ಟು ನೀಳವಾದ ವೃತ್ತ. ಆದ್ದರಿಂದ ಎಲ್ಲ ವಿಯುತಿಗಳೂ ಸಮವಲ್ಲ. ಅದು ಸೂರ್ಯನಿಗೆ ಹತ್ತಿರವಿರುವ ಕಡೆ ನಾವು ದಾಟಿದರೆ ನಡುವಿನ ದೂರ 5.6 ಕೋಟಿ ಕಿ.ಮೀ.ಗೆ ಇಳಿಯುತ್ತದೆ, ದೂರವಿರುವ ಕಡೆ ದಾಟಿದರೆ 10 ಕೋಟಿ ಮೀರುತ್ತದೆ. 15–17 ವರ್ಷಕ್ಕೊಮ್ಮೆ ಬರುವ ಹತ್ತಿರದ ವಿಯುತಿಗಳೇ ದೊಡ್ಡ ಹಬ್ಬ. 2003ರ ಆಗಸ್ಟ್ 27ರಂದು ಮಂಗಳ 5.58 ಕೋಟಿ ಕಿ.ಮೀ.ಗೆ ಬಂದಿತ್ತು. ಸುಮಾರು 60,000 ವರ್ಷಗಳಲ್ಲಿ ಅದು ಅಷ್ಟು ಹತ್ತಿರ ಬಂದದ್ದಿಲ್ಲ. ಮಂಗಳ ಚಂದ್ರನಷ್ಟು ದೊಡ್ಡದಾಗಿ ಕಾಣುತ್ತದೆ ಎಂಬ ಸುಳ್ಳು ಸುದ್ದಿ ಅಲ್ಲಿಂದೀಚೆಗೆ ಪ್ರತಿ ಆಗಸ್ಟ್‌ನಲ್ಲೂ ಹಬ್ಬುತ್ತದೆ. ನಿಜವಾಗಿ ಅದು ಎಷ್ಟೇ ಹತ್ತಿರ ಬಂದರೂ ಬರಿಗಣ್ಣಿಗೆ ಕೆಂಪು ಚುಕ್ಕಿಯೇ.

ಆದರೆ ಲೋಣಾವಳಾದವರಿಗೆ ಇದರಲ್ಲೊಂದು ಕೊರಗಿದೆ. ಮಂಗಳನ ಕಕ್ಷೆಯ ಆ ಹತ್ತಿರದ ತುದಿಯ ನೇರಕ್ಕೆ ಭೂಮಿ ಬರುವುದು ಪ್ರತಿವರ್ಷ ಆಗಸ್ಟ್ ಕೊನೆಗೆ. ಆದ್ದರಿಂದ ಅತ್ಯುತ್ತಮ ವಿಯುತಿಗಳೆಲ್ಲ ಜುಲೈನಿಂದ ಸೆಪ್ಟೆಂಬರ್‌ನೊಳಗೇ ಬೀಳುತ್ತವೆ: 2003ರ ಆಗಸ್ಟ್, 2018ರ ಜುಲೈ 27, ಮುಂದೆ 2035ರ ಸೆಪ್ಟೆಂಬರ್. ಅದೇ ಕಾಲಕ್ಕೆ ಸಹ್ಯಾದ್ರಿಯ ಈ ಅಂಚಿನ ಮೇಲೆ ಅರಬ್ಬೀ ಸಮುದ್ರದ ಮೋಡ ಬಂದು ಕೂರುತ್ತದೆ. ವರ್ಷಕ್ಕೆ 4,000 ಮಿ.ಮೀ. ಆಸುಪಾಸು ಮಳೆ ಸುರಿಯುವ ಊರು ಇದು, ಅದರಲ್ಲಿ ಬಹುಪಾಲು ಈ ತಿಂಗಳುಗಳದೇ. ಮಂಜು ಕವಿದು ಎದುರಿನ ಬೆಟ್ಟವೇ ಕಾಣದಿರುವಾಗ ಗ್ರಹದ ಮಾತೆಲ್ಲಿ? ಆಗುಂಬೆಯವರಿಗೂ ಮಡಿಕೇರಿಯವರಿಗೂ ಇದೇ ಪಾಡು. ಪಶ್ಚಿಮಘಟ್ಟದ ಅಂಚಿನ ಜನಕ್ಕೆ ಮಂಗಳ ಒಳ್ಳೆಯ ಆಕಾಶದಲ್ಲಿ ದೊರೆಯುವುದು ದೂರದ, ಸಣ್ಣ ವಿಯುತಿಗಳಲ್ಲಿ, ಡಿಸೆಂಬರ್‌ನಿಂದ ಮಾರ್ಚ್‌ವರೆಗೆ. ಅದಕ್ಕೆ ಪರಿಹಾರವೆಂಬಂತೆ ಆಗ ಅದು ನೆತ್ತಿಯ ಮೇಲಿರುತ್ತದೆ. 2018ರಂಥ ಮಳೆಗಾಲದ ವಿಯುತಿಯಲ್ಲಿ ಮಕರದ ದಕ್ಷಿಣಕ್ಕಿದ್ದು, ನಡುಬಾನಿನಲ್ಲೂ 46 ಡಿಗ್ರಿಗಿಂತ ಮೇಲೇರುವುದಿಲ್ಲ.

ಬೆಳ್ಳಿ, ಬುಧ

ಭೂಕಕ್ಷೆಯ ಒಳಗಿರುವ ಎರಡು ಗ್ರಹಗಳ ನಡಿಗೆಯೇ ಬೇರೆ. ಅವು ಸೂರ್ಯನನ್ನು ಬಿಟ್ಟು ದೂರ ಹೋಗಲಾರವು. ಶುಕ್ರ ಹೆಚ್ಚೆಂದರೆ 47 ಡಿಗ್ರಿ, ಬುಧ 28 ಡಿಗ್ರಿ. ಗೂಟಕ್ಕೆ ಕಟ್ಟಿದ ಕರುವಿನಂತೆ ಅತ್ತ ಒಮ್ಮೆ ಇತ್ತ ಒಮ್ಮೆ. ಹೀಗಾಗಿ ನಡುರಾತ್ರಿಯಲ್ಲಿ ಶುಕ್ರನನ್ನು ಕಂಡೆ ಎಂದು ಲೋಣಾವಳಾದಲ್ಲಿ ಯಾರಾದರೂ ಹೇಳಿದರೆ ಅವರು ಕಂಡದ್ದು ಬಹುಶಃ ಗುರು.

ಕನ್ನಡದವರಿಗೆ ಶುಕ್ರ ಎಂದರೆ ಬೆಳ್ಳಿ. ಬೆಳ್ಳಿ ಮೂಡಿತು ಎಂದರೆ ಎದ್ದು ಎತ್ತಿಗೆ ಮೇವು ಹಾಕುವ ಹೊತ್ತು. ಮರಾಠಿಯ ನೆರೆಯವರು ಶುಕ್ರಾಚೀ ಚಾಂದಣೀ ಎನ್ನುತ್ತಾರೆ. ಒಂದು ಪೂರ್ತಿ ಆವರ್ತನೆಗೆ 584 ದಿನ: ಸುಮಾರು 260 ದಿನ ಸಂಜೆಯ ಪಡುವಣದಲ್ಲಿ, ಹೆಚ್ಚುಕಡಿಮೆ ಅಷ್ಟೇ ದಿನ ಬೆಳಗಿನ ಮೂಡಣದಲ್ಲಿ, ಉಳಿದದ್ದು ಸೂರ್ಯನ ಬೆಳಕಿನಲ್ಲಿ ಮುಳುಗಿ. ಸಂಜೆಯ ಬೆಳ್ಳಿ ಮೇಲೇರುವಾಗ ತಿಂಗಳುಗಟ್ಟಲೆ ನಿಧಾನ ಮಾಡುತ್ತದೆ, ಇಳಿಯುವಾಗ ಕೆಲವೇ ವಾರಗಳಲ್ಲಿ ದುಡುದುಡು ಇಳಿದು ಕಣ್ಮರೆಯಾಗುತ್ತದೆ. ಆ ಇಳಿತದಲ್ಲೇ ಅದು ವಕ್ರಿಯಾಗಿರುತ್ತದೆ, ಆರು ವಾರ. ಶುಕ್ರ ನಮ್ಮ ಮತ್ತು ಸೂರ್ಯನ ನಡುವೆ ಹಾದು ಮುಂದೆ ಹೋಗುವ ಕಾಲ ಅದು.

ಇಂಥ ಐದು ಆವರ್ತನೆಗಳು ಸೇರಿದರೆ 2,920 ದಿನ. ಎಂಟು ವರ್ಷಕ್ಕೆ 2,922. ಎಂಟು ವರ್ಷದ ಹಿಂದೆ ಬೆಳ್ಳಿ ಎಲ್ಲಿತ್ತೋ ಇಂದೂ ಹೆಚ್ಚುಕಡಿಮೆ ಅಲ್ಲೇ ಇರುತ್ತದೆ. 2017ರ ಮಾರ್ಚ್ 25ರಂದು ಸೂರ್ಯನ ಮುಂದೆ ಹಾದ ಶುಕ್ರ, 2025ರಲ್ಲಿ ಹಾದದ್ದು ಮಾರ್ಚ್ 23ರಂದು. ಮಗು ಹುಟ್ಟಿದ ವಾರ ಅಂಗಳದಲ್ಲಿ ನಿಂತು ಕಂಡ ಬೆಳ್ಳಿಯನ್ನು ಆ ಮಗುವಿಗೆ ಎಂಟು ತುಂಬಿದಾಗ ಅದೇ ಅಂಗಳದಿಂದ ತೋರಿಸಬಹುದು. ಹೀಗೆ ಹಾಯುವಾಗ ತೀರ ಅಪರೂಪಕ್ಕೆ ಶುಕ್ರ ಸೂರ್ಯಬಿಂಬದ ಮೇಲೆಯೇ ಕಪ್ಪು ಚುಕ್ಕಿಯಾಗಿ ಸರಿಯುತ್ತದೆ. 2004ರ ಜೂನ್ 8ರಂದು, 2012ರ ಜೂನ್ 6ರ ಬೆಳಗ್ಗೆ ಭಾರತದಿಂದ ಕಂಡದ್ದು ಅದು. ಮುಂದಿನದು 2117ರ ಡಿಸೆಂಬರ್ 11ಕ್ಕೆ.

ಬುಧನನ್ನು ಕಾಣಲು ದಿಗಂತ ತೆರೆದಿರಬೇಕು, ದಾರಿ ನೆಟ್ಟಗಿರಬೇಕು. ಮಾರ್ಚ್ ತಿಂಗಳ ಸಂಜೆ ಲೋಣಾವಳಾದಲ್ಲಿ ಕ್ರಾಂತಿವೃತ್ತ ಪಡುವಣ ದಿಗಂತದ ಮೇಲೆ ಕಂಬದಂತೆ ನೇರ ನಿಲ್ಲುತ್ತದೆ. ಆ ಕಾಲದಲ್ಲಿ ಟೈಗರ್ ಪಾಯಿಂಟಿನಂಥ ಕಡಿದಾದ ಅಂಚಿನಲ್ಲಿ ನಿಂತರೆ ಎದುರಿಗೆ ಬೆಟ್ಟವೂ ಇಲ್ಲ, ಮರವೂ ಇಲ್ಲ, ಕೆಳಗೆ ಕೊಂಕಣ. ಸೂರ್ಯ ಮುಳುಗಿದ ಮುಕ್ಕಾಲು ಗಂಟೆಗೆ ಬುಧ ಕೆಂಪಿನ ಮೇಲಂಚಿನಲ್ಲಿ ಹೊಳೆಯುವುದನ್ನು ಕಾಣಬಹುದು. ಖೋಪೋಲಿ, ಮುಂಬಯಿ ಕಡೆಯ ಹೊಗೆಮಬ್ಬು ತೆಳ್ಳಗಿರಬೇಕು, ಅಷ್ಟೆ. ಬೆಳಗಿನ ಬುಧನಿಗೆ ಮಳೆ ಹಿಂಜರಿದ ಅಕ್ಟೋಬರ್ ಒಳ್ಳೆಯದು.

ಸಹ್ಯಾದ್ರಿಯ ಗಣಿತ

ವಕ್ರಗತಿಯ ಒಗಟನ್ನು ಗ್ರೀಕರು ಸುತ್ತಿನ ಮೇಲೊಂದು ಸುತ್ತು ಹೂಡಿ ಬಿಡಿಸಿದರು. ಟಾಲೆಮಿಯ ಆ ಏರ್ಪಾಟು 1543ರಲ್ಲಿ ಕೋಪರ್ನಿಕಸ್ ಸೂರ್ಯನನ್ನು ನಡುವೆ ಇಟ್ಟಾಗ ಅಲುಗಾಡಿತು. ಟೈಕೊ ಬ್ರಾಹೆಯ ಮಂಗಳ ವೀಕ್ಷಣೆಗಳನ್ನು ಹಿಡಿದು ಕೂತ ಕೆಪ್ಲರ್ 1609ರಲ್ಲಿ ಕಕ್ಷೆಯೇ ದೀರ್ಘವೃತ್ತವೆಂದು ಕಂಡಾಗ ಪೂರ್ತಿ ಬಿದ್ದಿತು. ಈ ಕಥೆ ಶಾಲೆಯ ಪುಸ್ತಕಗಳಲ್ಲೆಲ್ಲ ಇದೆ. ಹೆಚ್ಚು ಜನ ಕೇಳದಿರುವುದು ಸಹ್ಯಾದ್ರಿಯ ಎರಡೂ ಮಗ್ಗುಲಲ್ಲಿ ನಡೆದ ಕೆಲಸ.

ಭಾರತೀಯ ಸಿದ್ಧಾಂತಗಳಲ್ಲಿ ಗ್ರಹದ ಮಧ್ಯಮ ಸ್ಥಾನಕ್ಕೆ ಎರಡು ತಿದ್ದುಪಡಿಗಳು. ಮಂದ ಎಂಬುದು ಗ್ರಹದ ಕಕ್ಷೆ ಪೂರ್ಣ ವೃತ್ತವಲ್ಲದ್ದನ್ನು ಸರಿಪಡಿಸುತ್ತದೆ, ಶೀಘ್ರ ಎಂಬುದು ಭೂಮಿಯ ಚಲನೆಯಿಂದ ಹುಟ್ಟುವ ವಕ್ರಗತಿಯನ್ನು. ಶೀಘ್ರಕೇಂದ್ರವೆಂಬ ಕೋನ ಎಷ್ಟಾದಾಗ ಗ್ರಹ ವಕ್ರಿಯಾಗುತ್ತದೆ ಎಂದು ಸೂರ್ಯಸಿದ್ಧಾಂತ ಅಂಕಿ ಕೊಡುತ್ತದೆ: ಮಂಗಳನಿಗೆ 164 ಡಿಗ್ರಿ, ಬುಧನಿಗೆ 144, ಗುರುವಿಗೆ 130, ಶುಕ್ರನಿಗೆ 163, ಶನಿಗೆ 115. ಶನಿಯದನ್ನೇ ಲೆಕ್ಕ ಹಾಕಿ ನೋಡೋಣ. 115ರಿಂದ 245ರವರೆಗೆ 130 ಡಿಗ್ರಿ ವಕ್ರ. 378 ದಿನದ ಆವರ್ತನೆಯಲ್ಲಿ ಅದರ ಪಾಲು 137 ದಿನ. ಇಂದಿನ ಲೆಕ್ಕ 138. ದೂರದರ್ಶಕವಿಲ್ಲದ ಕಾಲದ ಈ ಅಂಕಿಯನ್ನು ಮೊದಲ ಬಾರಿ ಹೀಗೆ ಒರೆಗೆ ಹಚ್ಚಿದವರಿಗೆ ಮೈ ಜುಮ್ಮೆನ್ನದೆ ಇರದು.

1114ರಲ್ಲಿ ಹುಟ್ಟಿದ ಭಾಸ್ಕರಾಚಾರ್ಯ ತನ್ನ ಊರು ಸಹ್ಯಪರ್ವತದ ಸೀಮೆಯ ವಿಜ್ಜಡವಿಡ ಎಂದು ಹೇಳಿಕೊಂಡಿದ್ದಾನೆ. ಅದು ವಿಜಯಪುರವೆಂದು ಕನ್ನಡದ ಹಲವರು, ಚಾಳೀಸಗಾಂವ್ ಬಳಿಯ ಪಾಟಣದ ಸೀಮೆಯೆಂದು ಮರಾಠಿಯ ಹಲವರು ವಾದಿಸುತ್ತಾರೆ. ಮೊಮ್ಮಗ ಚಾಂಗದೇವನ ಶಾಸನ ಪಾಟಣದಲ್ಲಿರುವುದು ಎರಡನೆಯ ವಾದಕ್ಕೆ ಬಲ ಕೊಡುತ್ತದೆ. ಊರು ಯಾವುದಾದರೂ ಆಗಲಿ, 1150ರ ಸಿದ್ಧಾಂತಶಿರೋಮಣಿಯಲ್ಲಿ ಗ್ರಹದ ಒಂದು ದಿನದ ಗತಿಯಲ್ಲದೆ ಆ ಕ್ಷಣದ ಗತಿಯನ್ನೂ, ತಾತ್ಕಾಲಿಕ ಗತಿ ಎಂದು ಹೆಸರಿಟ್ಟು, ಅವನು ಲೆಕ್ಕ ಹಾಕಿದ. ನಿಂತು ತಿರುಗುವ ಗ್ರಹವನ್ನು ಗಣಿತದಲ್ಲಿ ಹಿಡಿಯಲು ಅಂಥದೊಂದು ಕಲ್ಪನೆ ಬೇಕೇಬೇಕು.

ಲೋಣಾವಳಾದ ಕಡಿದಾದ ಅಂಚಿನಿಂದ ನೈಋತ್ಯಕ್ಕೆ ನೋಡಿದರೆ, ನೇರ ಅಂತರದಲ್ಲಿ 65 ಕಿ.ಮೀ. ಆಸುಪಾಸು ದೂರದ ಕಡಲತೀರದಲ್ಲಿ, ಮುರುಡ–ಜಂಜೀರಾದ ಹತ್ತಿರ ನಾಂದಗಾಂವ್ ಇದೆ. ಗ್ರಂಥಗಳಲ್ಲಿ ಅದರ ಹೆಸರು ನಂದಿಗ್ರಾಮ. ಅಲ್ಲಿದ್ದ ಕೇಶವ ದೈವಜ್ಞ 1496ರ ಸುಮಾರಿಗೆ ಗ್ರಹಕೌತುಕವನ್ನು ಬರೆದ. ಪುಸ್ತಕದ ಸ್ಥಾನವನ್ನು ಆಕಾಶದ ಸ್ಥಾನಕ್ಕೆ ಹೋಲಿಸಿ ತಿದ್ದಬೇಕೆಂಬುದು ಅವನ ನಿಲುವು. ಮಗ ಗಣೇಶ ದೈವಜ್ಞ 1520ರಲ್ಲಿ ಗ್ರಹಲಾಘವ ಬರೆದ. ಜ್ಯಾ ಕೋಷ್ಟಕಗಳ ಗೊಡವೆಯನ್ನೇ ಬಿಟ್ಟು, 11 ವರ್ಷದ, ಅಂದರೆ 4,016 ದಿನದ ಚಕ್ರಗಳಲ್ಲಿ ಕಾಲವನ್ನು ಎಣಿಸಿ ಗ್ರಹಗಣಿತವನ್ನು ಹಗುರಗೊಳಿಸಿದ ಪುಸ್ತಕ ಅದು. ಯಾವ ಗ್ರಹಕ್ಕೆ ಯಾವ ಸಿದ್ಧಾಂತದ ಅಂಕಿ ಆಕಾಶಕ್ಕೆ ಹೊಂದುತ್ತದೆಂದು ನೋಡಿ ಅದನ್ನೇ ಆರಿಸಿಕೊಂಡ. ಶನಿಗೆ ಆರ್ಯಪಕ್ಷವೆಂಬ ಸಿದ್ಧಾಂತದ ಅಂಕಿಯೂ ಸಾಲದಾದಾಗ 5 ಡಿಗ್ರಿ ಕೂಡಿಸಿದ. ಶಾಸ್ತ್ರಕ್ಕೆ ಕೈಹಚ್ಚಲು ಹೆದರದ ಈ ಧೈರ್ಯಕ್ಕೆ ನಾನು ತಲೆಬಾಗುತ್ತೇನೆ. ಮಹಾರಾಷ್ಟ್ರ ಮತ್ತು ಉತ್ತರ ಕರ್ನಾಟಕದ ಪಂಚಾಂಗಗಳು ನೂರಾರು ವರ್ಷ ಗ್ರಹಲಾಘವವನ್ನೇ ನೆಚ್ಚಿಕೊಂಡಿದ್ದವು. ಅದೇ ಕಾಲದ ಆಸುಪಾಸಿನಲ್ಲಿ ಕೇರಳದ ನೀಲಕಂಠ ಸೋಮಯಾಜಿ ಐದೂ ಗ್ರಹಗಳು ಸೂರ್ಯನನ್ನು ಸುತ್ತುತ್ತವೆ, ಸೂರ್ಯ ಭೂಮಿಯನ್ನು ಸುತ್ತುತ್ತಾನೆ ಎಂಬ ಮಾದರಿಗೆ ಬಂದು ತಲಪಿದ್ದ.

ನೂರಾರು ವರ್ಷ ನೆಚ್ಚಿಕೊಂಡದ್ದೇ ತೊಡಕಾಯಿತು. ಗಣೇಶನ ತಿದ್ದುಪಡಿಯನ್ನು ಮತ್ತೆ ತಿದ್ದುವವರಿಲ್ಲದೆ ಪಂಚಾಂಗದ ಗ್ರಹವೂ ಆಕಾಶದ ಗ್ರಹವೂ ಬೇರೆಬೇರೆ ಕಡೆ ನಿಂತವು. ಅದನ್ನು ಸರಿಮಾಡಲು ಹೊರಟವರಲ್ಲಿ ಮುಖ್ಯರು ವೆಂಕಟೇಶ ಬಾಪೂಜಿ ಕೇತಕರ್ (1854–1930). ಹುಟ್ಟಿದ್ದು ನರಗುಂದದಲ್ಲಿ, ಶಿಕ್ಷಕರಾಗಿದ್ದುದು ಬಾಗಲಕೋಟೆಯಲ್ಲಿ. ಕನ್ನಡದ ಮೊದಲ ಜ್ಯೋತಿಷ ಗ್ರಂಥವಾದ, 1049ರ ಜಾತಕತಿಲಕವನ್ನು ಬರೆದ ಶ್ರೀಧರಾಚಾರ್ಯನೂ ಅದೇ ನರಗುಂದದವನು. ಕೇತಕರ್ ಯುರೋಪಿನ ಹೊಸ ಕೋಷ್ಟಕಗಳ ಆಧಾರದ ಮೇಲೆ ಜ್ಯೋತಿರ್ಗಣಿತವನ್ನು ಸಂಸ್ಕೃತದಲ್ಲಿ ರಚಿಸಿದರು. ಅವರ ಹೆಸರಿನ ಕೇತಕೀ ಪಂಚಾಂಗ ಕಣ್ಣಿಗೆ ಕಾಣುವ ಸ್ಥಾನವನ್ನೇ ಕೊಡುವ ಪಂಚಾಂಗವಾಯಿತು. 1911ರಲ್ಲಿ ಫ್ರಾನ್ಸಿನ ಖಗೋಳ ಸಂಘದ ಪತ್ರಿಕೆಯಲ್ಲಿ ನೆಪ್ಚೂನ್‌ನ ಆಚೆ ಗ್ರಹಗಳಿವೆಯೆಂದು ಬರೆದು, ಒಂದರ ಪರಿಭ್ರಮಣಾವಧಿ 242 ವರ್ಷವೆಂದು ಲೆಕ್ಕ ಕೊಟ್ಟರು. 1930ರಲ್ಲಿ ಸಿಕ್ಕ ಪ್ಲೂಟೊದ ಅವಧಿ 248 ವರ್ಷ. ಪ್ಲೂಟೊ ಬಹಳ ಚಿಕ್ಕದಾದ್ದರಿಂದ ಈ ಹೊಂದಿಕೆಯನ್ನು ಆಕಸ್ಮಿಕವೆಂದೇ ಎಣಿಸಬೇಕು. ಅದರಿಂದ ಅವರ ಪಂಚಾಂಗದ ಕೆಲಸದ ಬೆಲೆ ಕುಗ್ಗುವುದಿಲ್ಲ. ಪುಣೆಯಲ್ಲಿದ್ದು 1896ರಲ್ಲಿ ಭಾರತೀಯ ಜ್ಯೋತಿಷಶಾಸ್ತ್ರದ ಇತಿಹಾಸವನ್ನು ಮರಾಠಿಯಲ್ಲಿ ಬರೆದ ಶಂಕರ ಬಾಳಕೃಷ್ಣ ದೀಕ್ಷಿತರು (1853–1898) ಇಲ್ಲದಿದ್ದರೆ ಈ ಹಿರಿಯರಲ್ಲಿ ಹಲವರ ಕೆಲಸ ನಮಗೆ ತಿಳಿಯುತ್ತಲೂ ಇರಲಿಲ್ಲ.

ಯುತಿ, ಅಸ್ತ, ಪುಷ್ಕರ

ಎರಡು ಗ್ರಹಗಳು ಆಕಾಶದಲ್ಲಿ ಹತ್ತಿರ ಬಂದಂತೆ ಕಾಣುವುದು ಯುತಿ. ಗುರು 12 ವರ್ಷಕ್ಕೆ, ಶನಿ ಮೂವತ್ತು ವರ್ಷಕ್ಕೆ ಒಂದು ಸುತ್ತು ಮುಗಿಸುವುದರಿಂದ ಇಪ್ಪತ್ತು ವರ್ಷಕ್ಕೊಮ್ಮೆ ಗುರು ಶನಿಯನ್ನು ಹಿಡಿಯುತ್ತದೆ. 60 ವರ್ಷಕ್ಕೆ ಗುರುವಿನ ಐದು ಸುತ್ತು, ಶನಿಯ ಎರಡು ಸುತ್ತು ಒಟ್ಟಿಗೆ ಮುಗಿಯುತ್ತವೆ. ಪ್ರಭವದಿಂದ ಎಣಿಸುವ ನಮ್ಮ ಸಂವತ್ಸರಗಳೂ 60. ಒಂದು ರಾಶಿಯನ್ನು ಗುರು ದಾಟುವ ಕಾಲವೇ ಮೂಲದಲ್ಲಿ ಒಂದು ಸಂವತ್ಸರ. 2020ರ ಡಿಸೆಂಬರ್ 21ರ ಸಂಜೆ ಗುರು–ಶನಿಗಳ ಅಂತರ ಕೇವಲ 0.1 ಡಿಗ್ರಿ. 1623ರ ನಂತರ ಅವು ಅಷ್ಟು ಹತ್ತಿರ ಬಂದಿರಲಿಲ್ಲ. ಅದಕ್ಕೆ ಒಂದು ತಿಂಗಳು ಮುಂಚೆ, ಗುರು ಮಕರ ಹೊಕ್ಕಿತೆಂದು ತುಂಗಭದ್ರೆಯಲ್ಲಿ ಪುಷ್ಕರಸ್ನಾನ ನಡೆದಿತ್ತು. ಮಂತ್ರಾಲಯದಲ್ಲಿ ಮಿಂದವರೂ ದೂರದರ್ಶಕ ಹಿಡಿದವರೂ ಅನುಸರಿಸಿದ್ದು ಗುರುವಿನ ಒಂದೇ ನಡಿಗೆಯನ್ನು. ಲೋಣಾವಳಾದ ನೀರನ್ನು ಹೊತ್ತ ಭೀಮೆಗೆ ಪುಷ್ಕರ ಬಂದದ್ದು ಗುರು ವೃಶ್ಚಿಕ ಹೊಕ್ಕ 2018ರಲ್ಲಿ.

ಗುರು ಇಲ್ಲವೆ ಶುಕ್ರ ಸೂರ್ಯನ ಬೆಳಕಿನಲ್ಲಿ ಮರೆಯಾದಾಗ ಅಸ್ತ ಅಥವಾ ಮೌಢ್ಯ ಎಂದು ಮದುವೆಗಳನ್ನು ತಡೆಯುತ್ತಾರೆ. ಸೂರ್ಯನಿಂದ ಎಷ್ಟು ದೂರವಿದ್ದರೆ ಗ್ರಹ ಕಣ್ಣಿಗೆ ಬೀಳುತ್ತದೆಂಬುದಕ್ಕೂ ಸೂರ್ಯಸಿದ್ಧಾಂತದಲ್ಲಿ ಅಂಕಿಗಳಿವೆ: ಗುರುವಿಗೆ 11 ಡಿಗ್ರಿ, ಶನಿಗೆ 15, ಮಂಗಳನಿಗೆ 17, ಹೊಳೆಯುವ ಶುಕ್ರನಿಗೆ ಮಾರ್ಗಿಯಾದಾಗ 10, ವಕ್ರಿಯಾದಾಗ 8. ಮುಹೂರ್ತದ ನಿಯಮದ ಹಿಂದೆಯೂ ಸಂಜೆಗಣ್ಣಿನ ಅಳತೆಯಿದೆ. ಸಾಡೇಸಾತಿ ಶನಿಯ ಏಳೂವರೆ ವರ್ಷವೂ ಅಂಥದೇ ಲೆಕ್ಕ. ಒಂದು ರಾಶಿಗೆ ಎರಡೂವರೆ ವರ್ಷದಂತೆ ಮೂರು ರಾಶಿಗಳ ನಡಿಗೆ.

ನೋಡುವ ಬಗೆ

ಗ್ರಹಚಾರ ನೋಡಲು ಯಂತ್ರ ಬೇಡ. ಕೈ ನೀಡಿ ಹಿಡಿದ ಮುಷ್ಟಿ 10 ಡಿಗ್ರಿ, ಕಿರುಬೆರಳಿನ ಅಗಲ 1 ಡಿಗ್ರಿ. ಚಂದ್ರ ಸುಮಾರು 27 ದಿನಕ್ಕೊಮ್ಮೆ ಪ್ರತಿಯೊಂದು ಗ್ರಹದ ಪಕ್ಕದಲ್ಲೂ ಹಾಯುತ್ತಾನೆ. ಪಂಚಾಂಗದಲ್ಲೋ ಪತ್ರಿಕೆಯಲ್ಲೋ ಆ ದಿನ ನೋಡಿಕೊಂಡರೆ ಗ್ರಹವನ್ನು ಅವನೇ ತೋರಿಸಿಕೊಡುತ್ತಾನೆ. ಕನ್ನಡದಲ್ಲಿ ಜಿ.ಟಿ. ನಾರಾಯಣರಾವ್ (1926–2008) ಅವರ ನಕ್ಷತ್ರವೀಕ್ಷಣೆ ಹಲವು ತಲೆಮಾರಿಗೆ ಈ ಪಾಠ ಹೇಳಿದೆ. ಪುಣೆಯಲ್ಲಿ 1944ರಲ್ಲಿ ಆರಂಭವಾದ ಜ್ಯೋತಿರ್ವಿದ್ಯಾ ಪರಿಸಂಸ್ಥಾ ದೇಶದ ಹವ್ಯಾಸಿ ಖಗೋಳ ಸಂಘಗಳಲ್ಲೇ ಹಳೆಯದು.

ಲೋಣಾವಳಾದ ಒಂದು ಕಡೆ 65 ಕಿ.ಮೀ. ದೂರದಲ್ಲಿ ಪುಣೆ, ಇನ್ನೊಂದು ಕಡೆ 80 ಕಿ.ಮೀ.ಗೂ ಆಚೆ ಮುಂಬಯಿ. ಎರಡೂ ದಿಗಂತದಲ್ಲಿ ಬೆಳಕಿನ ಗುಮ್ಮಟ ಎಬ್ಬಿಸಿವೆ. ಆಕಾಶಗಂಗೆ ಪವನಾ ಕೆರೆಯ ಕಡೆಗೋ ರಾಜಮಾಚಿಯ ಕಡೆಗೋ ಹೋದರೆ ಅಷ್ಟಿಷ್ಟು ಕಾಣುತ್ತದೆ, ಊರೊಳಗೆ ಇಲ್ಲ. ಗ್ರಹಗಳಿಗೆ ಮಾತ್ರ ಈ ಬಾಧೆಯಿಲ್ಲ. ಗುರು, ಶುಕ್ರ, ಮಂಗಳ, ಶನಿಗಳು ನಿಲ್ದಾಣದ ದೀಪದ ಕೆಳಗಿಂದಲೂ ಕಾಣುತ್ತವೆ.

2026ರ ಅಕ್ಟೋಬರ್ ಕೊನೆಗೆ ಗುರು ಪಂಚಾಂಗದ ಸಿಂಹರಾಶಿಗೆ ಬರುತ್ತದೆ. ನಾಸಿಕದ ಸಿಂಹಸ್ಥ ಕುಂಭಮೇಳಕ್ಕೆ ಅದೇ ಆರಂಭ. ವಕ್ರಿಯಾಗಿ 2027ರ ಜನವರಿ ಕೊನೆಗೆ ಕರ್ಕಾಟಕಕ್ಕೆ ಹಿಂದೆ ಸರಿದು, ಜೂನ್ ಕೊನೆಗೆ ಮತ್ತೆ ಸಿಂಹಕ್ಕೆ ಮರಳುತ್ತದೆ. ಅದೇ ಚಳಿಗಾಲದಲ್ಲಿ ಮಂಗಳನೂ ವಕ್ರಿ. ಗುರುವಿನ ವಿಯುತಿ ಫೆಬ್ರವರಿ 10–11ರಂದು, ಮಂಗಳನದು 19ರಂದು, ಮಖಾ ನಕ್ಷತ್ರದಿಂದ ನಾಲ್ಕು ಬೆರಳಗಲ ಉತ್ತರಕ್ಕೆ. ದೂರ 10.1 ಕೋಟಿ ಕಿ.ಮೀ.; ಸಣ್ಣ ವಿಯುತಿಯೇ ಸರಿ. ಆದರೆ ಮೋಡವಿಲ್ಲದ ತಿಂಗಳು. ರಾತ್ರಿ ಹನ್ನೆರಡೂ ಮುಕ್ಕಾಲರ ಸುಮಾರಿಗೆ ಲೋಣಾವಳಾದ ನೆತ್ತಿಯ ಹತ್ತಿರ ಕೆಂಪು ಮಂಗಳ, ಅದರ ಪಡುವಣಕ್ಕೆ ಒಂದು ಮುಷ್ಟಿಯಷ್ಟು ದೂರದಲ್ಲಿ ಬಿಳಿಯ ಗುರು, ನಡುವೆ ತುಸು ತಗ್ಗಿನಲ್ಲಿ ಮಖಾ. ಮಖಾದಿಂದ ಎರಡರ ಅಂತರವನ್ನೂ ಬೆರಳಿನಲ್ಲಿ ಅಳೆದು ಬರೆದಿಟ್ಟು, ಹತ್ತು ದಿನ ಬಿಟ್ಟು ಅದೇ ಜಾಗದಿಂದ ಮತ್ತೆ ಅಳೆಯಬೇಕು.